ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದು ಕಾಲೇಜುಗಳಲ್ಲಿ ಪ್ರವೇಶ ಆರಂಭವಾಯಿತೆಂದರೆ ಬೀದರ್ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿಯೂ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಮಗನಿಗೆ ಅಥವಾ ಮಗಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಬೇಕು? ಸ್ಥಿತಿವಂತರಿಗೆ ಇದು ಸಣ್ಣ ವಿಚಾರವಾಗಿ ತೋರಬಹುದು. ಆದರೆ ಅಷ್ಟೂರಿನಂತಹ ಊರಿನ ಒಕ್ಕಲುತನದ ಕುಟುಂಬಕ್ಕೆ ಇದು ಸೋಯಾ, ತೊಗರಿ ಮಾರಿ ಬಂದ ಹಣದ ದೊಡ್ಡ ಪಾಲನ್ನು ಒಂದೇ ದಿನದಲ್ಲಿ ಕೈಬಿಡುವ ವಿಚಾರ. ಹಣ ಸಾಲದಿದ್ದರೆ ಕಂತಿನ ಸಾಲವೂ ಬೆನ್ನಿಗೆ ಬೀಳುತ್ತದೆ. ಹೀಗಿರುವಲ್ಲಿ ಅಂಗಡಿಯವನ ಮಾತನ್ನೋ ಗೆಳೆಯನ ಯಂತ್ರದ ಹೊಳಪನ್ನೋ ನಂಬಿ ತೀರ್ಮಾನಿಸುವುದು ವಿಜ್ಞಾನವನ್ನು ಓದುವವರಿಗೆ ಒಪ್ಪತಕ್ಕದ್ದಲ್ಲ. ಮಾಡಬೇಕಾದ ಕೆಲಸವನ್ನು ಮೊದಲು ನಿಶ್ಚಯಿಸಿ ಯಂತ್ರವನ್ನು ಅನಂತರ ಆರಿಸಬೇಕು. ಬಹುಮಂದಿ ವಿದ್ಯಾರ್ಥಿಗಳಿಗೆ ಸಾಧಾರಣವಾದ, ರಿಪೇರಿಗೆ ಬರುವ ಯಂತ್ರವೇ ಸಾಕು ಎಂಬುದು ನಮ್ಮ ಅಭಿಪ್ರಾಯ.

ಅಷ್ಟೂರಿಗೆ ಸಮೀಪದ ಬೀದರ್ ನಗರದಲ್ಲಿ ಬಿದ್ರಿ ಕೆಲಸದವರನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಸತುವು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಚಿತ್ತಾರ ಕೊರೆದು ಬೆಳ್ಳಿಯನ್ನು ಕೂರಿಸುವ ಆ ಕುಶಲಿಗಳ ಬಳಿ ಬಗೆಬಗೆಯ ಉಳಿಗಳಿರುತ್ತವೆ. ಯಾವ ಉಳಿ ದೊಡ್ಡದು ಎಂದು ಅವರು ಕೇಳುವುದಿಲ್ಲ. ಈಗ ಕೊರೆಯಬೇಕಾದ ಗೆರೆಗೆ ಯಾವುದು ತಕ್ಕುದೆಂದು ನೋಡುತ್ತಾರೆ.

ವಿದ್ಯಾರ್ಥಿಗಳ ಕೆಲಸವನ್ನು ಹೀಗೆಯೇ ವಿಂಗಡಿಸಿ ನೋಡೋಣ. ಪ್ರೌಢಶಾಲೆಯವರಿಗೆ ಸ್ವಂತ ಲ್ಯಾಪ್‌ಟಾಪ್ ಅನಿವಾರ್ಯವೆಂದು ನಾವು ಭಾವಿಸುವುದಿಲ್ಲ. ಕಲೆ, ವಾಣಿಜ್ಯಗಳ ವಿದ್ಯಾರ್ಥಿಗಳಿಗೆ ಬರೆವಣಿಗೆ, ಲೆಕ್ಕದ ಹಾಳೆ, ಅಂತರಜಾಲದ ಓದು ಇಷ್ಟೇ ಮುಖ್ಯ. ಬಿ.ಎಸ್‌ಸಿ.ಯವರು ಇವುಗಳ ಜೊತೆಗೆ ಪೈಥಾನ್‌ನಂತಹ ಭಾಷೆಯಲ್ಲಿ ಪ್ರೋಗ್ರಾಂ ಬರೆದು ನಕ್ಷೆಗಳನ್ನು ಎಳೆಯಬೇಕಾದೀತು. ಇಷ್ಟು ಕೆಲಸವನ್ನು ಸಾಧಾರಣ ಯಂತ್ರವೂ ಸುಲಭವಾಗಿ ನಿರ್ವಹಿಸುತ್ತದೆ. ಮೂರು ಆಯಾಮಗಳ ವಿನ್ಯಾಸ, ವಿಡಿಯೋ ಸಂಕಲನ ಮುಂತಾದವನ್ನು ನಿಜವಾಗಿಯೂ ಕೈಗೊಳ್ಳುವವರಿಗೆ ಮಾತ್ರ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕು. ಕೆಲಸವನ್ನು ವಿಂಗಡಿಸದೆ ಎಲ್ಲರಿಗೂ ಒಂದೇ ಸಾಧನ ಕೊಟ್ಟರೆ ಅದರ ಪ್ರಯೋಜನ ಎಲ್ಲರಿಗೂ ಸಮನಾಗಿ ಸಿಗಲಾರದು. 2021ರಲ್ಲಿ ನಮ್ಮ ರಾಜ್ಯ ಸರ್ಕಾರವು ಸರ್ಕಾರಿ ಕಾಲೇಜುಗಳ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನು ಹಂಚಿತು. ಪಾಠ ಕೇಳಲು, ಓದಲು ಅದು ಒದಗುವ ಸಾಧನವೇ ಸರಿ. ಆದರೆ ದೀರ್ಘವಾದ ವರದಿಯನ್ನೋ ಪ್ರೋಗ್ರಾಮನ್ನೋ ಬರೆಯುವವನಿಗೆ ಕೀಲಿಮಣೆಯಿಲ್ಲದೆ ನಡೆಯದು.

ಈಗ ಯಂತ್ರದ ಒಳಗನ್ನು ನೋಡೋಣ. ರ‍್ಯಾಮ್ ಎಂಬುದು ನಾವು ಓದಲು ಕುಳಿತ ಮೇಜಿನಂತೆ. ಸಂಗ್ರಹವೆಂಬುದು ಪುಸ್ತಕದ ಬೀರುವಿನಂತೆ. ಮೇಜು ಕಿರಿದಾದರೆ ಮತ್ತೆ ಮತ್ತೆ ಎದ್ದು ಬೀರುವಿನ ಬಳಿಗೆ ಹೋಗಬೇಕಾಗುತ್ತದೆ. ಇಂದಿನ ಬಳಕೆಗೆ 8 ಗಿಗಾಬೈಟ್ ರ‍್ಯಾಮ್ ಕನಿಷ್ಠ. 16 ಇದ್ದರೆ ನೆಮ್ಮದಿ. ಬೀರುವಿನ ಮಾತಿನಲ್ಲಿ ರಾಜಿ ಬೇಡ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಮಾಹಿತಿ ದೊರೆಯಲು ಸುಮಾರು 10 ಮಿಲಿಸೆಕೆಂಡು ಹಿಡಿದರೆ, ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಅದರ ನೂರನೆಯ ಒಂದು ಪಾಲು ಸಾಕು. ಇನ್ನು ಪ್ರೊಸೆಸರ್. ಗಿಗಾಹರ್ಟ್ಸ್‌ಗಳ ಅಂಕಿಯೊಂದನ್ನೇ ನೋಡಿ ಮೋಸಹೋಗಬಾರದು. ಒಂದೊಂದು ಮಿಡಿತಕ್ಕೆ ಎಷ್ಟು ಕೆಲಸ ನಡೆಯುತ್ತದೆಂಬುದೂ ಮುಖ್ಯ. ಆದುದರಿಂದಲೇ ಹೊಸ ತಲೆಮಾರಿನ ಸಾಧಾರಣ ಪ್ರೊಸೆಸರ್ ಹಳೆಯ ತಲೆಮಾರಿನ ದುಬಾರಿ ಪ್ರೊಸೆಸರನ್ನು ಮೀರಿಸುವುದುಂಟು.

ಬ್ಯಾಟರಿಯ ವಿಚಾರದಲ್ಲಿಯೂ ಅಂಕಿಗಳು ದಾರಿತಪ್ಪಿಸಬಲ್ಲವು. 42 ವಾಟ್-ಗಂಟೆಯ ಬ್ಯಾಟರಿಯುಳ್ಳ ಯಂತ್ರವು ಬರೆಯುವಾಗ, ಓದುವಾಗ ಸರಾಸರಿ 7 ವಾಟ್ ಬಳಸಿದರೆ 6 ಗಂಟೆ ನಡೆಯುತ್ತದೆ. 60 ವಾಟ್-ಗಂಟೆಯ ಬ್ಯಾಟರಿಯುಳ್ಳ ಆಟದ ಯಂತ್ರವು ಅದೇ ಕೆಲಸಕ್ಕೆ 20 ವಾಟ್ ನುಂಗಿದರೆ 3 ಗಂಟೆಗೇ ನಿಲ್ಲುತ್ತದೆ. ಬ್ಯಾಟರಿ ದೊಡ್ಡದಾದರೂ ಬಾಳಿಕೆ ಅರ್ಧ! ವಿದ್ಯುತ್ತು ಆಗಾಗ ಕೈಕೊಡುವ ಹಳ್ಳಿಯಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಈ ಭಾಗಾಕಾರದ ಬೆಲೆ ತಿಳಿಯುತ್ತದೆ.

ಬಿಸಿಲನ್ನೂ ಮರೆಯುವಂತಿಲ್ಲ. ನಮ್ಮ ಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಮುಟ್ಟುವುದು ಹೊಸತಲ್ಲ. ತಗಡಿನ ಮಾಡಿನ ಕೆಳಗಂತೂ ಕೇಳುವುದೇ ಬೇಡ. ಅನೇಕ ತಯಾರಕರು ತಮ್ಮ ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿ ಸೆಲ್ಸಿಯಸ್ ಮೀರದ ಜಾಗದಲ್ಲಿ ಬಳಸಬೇಕೆಂದು ಸೂಚಿಸುತ್ತಾರೆ. ವಸ್ತುವಿಗೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರ ಕಡಿಮೆಯಾದಷ್ಟೂ ಶಾಖ ಹೊರಹೋಗುವುದು ನಿಧಾನವಾಗುತ್ತದೆ ಎಂಬುದನ್ನು ನೀವು ತರಗತಿಯಲ್ಲಿ ಓದಿದ್ದೀರಿ. ಶಾಖ ಹೊರಹೋಗದಿದ್ದರೆ ಪ್ರೊಸೆಸರ್ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬ್ಯಾಟರಿಯೂ ಬೇಗ ಮುಪ್ಪಾಗುತ್ತದೆ. ಹೆಚ್ಚು ಹಣ ತೆತ್ತು ಕೊಂಡ ವೇಗ ನಮಗೆ ಬೇಸಿಗೆಯಲ್ಲಿ ದಕ್ಕುವುದೇ ಇಲ್ಲ. ಹಾಸಿಗೆಯ ಮೇಲೋ ಕೌದಿಯ ಮೇಲೋ ಇಟ್ಟು ಗಾಳಿಯ ದಾರಿಯನ್ನು ಮುಚ್ಚುವವರು ಈ ಕೇಡನ್ನು ಇಮ್ಮಡಿಸುತ್ತಾರೆ.

"ಮುಂದೆ ಬೇಕಾದೀತು, ಈಗಲೇ ದೊಡ್ಡದನ್ನು ಕೊಳ್ಳೋಣ" ಎಂಬ ವಾದವೊಂದುಂಟು. ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಮುಂದೆಂದೋ ಬೇಕಾಗಬಹುದಾದ ಶಕ್ತಿಗೆ ಇಂದೇ ಹಣ ತೆತ್ತು, ಅದನ್ನು ಬಳಸುವ ಹೊತ್ತಿಗೆ ಯಂತ್ರವನ್ನು ಹಳೆಯದಾಗಿಸುವುದು ಜಾಣತನವಲ್ಲ. ಅದಕ್ಕಿಂತ ರ‍್ಯಾಮ್ ಸೇರಿಸಲು, ಬ್ಯಾಟರಿ ಬದಲಿಸಲು ಬರುವ ಯಂತ್ರವನ್ನು ಆರಿಸುವುದು ಲೇಸು. ಕೆಲವು ತೆಳು ಯಂತ್ರಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೆ ಬೆಸೆದುಬಿಟ್ಟಿರುತ್ತಾರೆ. ಅದನ್ನು ಮುಂದೆ ಹೆಚ್ಚಿಸಲಾಗದು. ಕೊಳ್ಳುವ ಮುನ್ನ ಇದನ್ನು ಕೇಳಿಯೇ ತಿಳಿಯಬೇಕು. ಬೀದರಿನವರು ಖರೀದಿಗೆ ಹೈದರಾಬಾದಿಗೆ ಹೋಗುವುದು ವಾಡಿಕೆ. ಯಂತ್ರ ಕೆಟ್ಟಾಗಲೂ ಅಷ್ಟು ದೂರ ಹೊತ್ತೊಯ್ಯಬೇಕೆ, ಬೀದರಿನಲ್ಲಿಯೇ ಬಿಡಿಭಾಗ ಸಿಗುವುದೆ ಎಂಬುದನ್ನೂ ವಿಚಾರಿಸಬೇಕು.

ಕಚೇರಿಗಳಲ್ಲಿ ಬಳಸಿ ಸರಿಪಡಿಸಿ ಮಾರುವ ಹಳೆಯ ಯಂತ್ರವನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಎಚ್ಚರವಿರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳಲ್ಲಿ ಬಹುಪಾಲು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಅಂತಹ ಯಂತ್ರದಲ್ಲಿ ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕಿಕೊಳ್ಳಬಹುದು. ಯೂನಿಕೋಡ್ ಇರುವುದರಿಂದ ಅದರಲ್ಲಿಯೂ ಕನ್ನಡವನ್ನು ಸಲೀಸಾಗಿ ಬರೆಯಬಹುದು.

ಇಷ್ಟಾದರೂ ಕೊಳ್ಳುವ ಶಕ್ತಿಯೇ ಇಲ್ಲದ ಮಕ್ಕಳಿದ್ದಾರೆಂಬುದನ್ನು ನಾವು ಅಧ್ಯಾಪಕರು ಮರೆಯಬಾರದು. ಲ್ಯಾಪ್‌ಟಾಪ್ ಇಲ್ಲವೆಂಬ ಕಾರಣಕ್ಕೆ ಯಾವ ವಿದ್ಯಾರ್ಥಿಯೂ ಹಿಂದುಳಿಯದಂತೆ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದ ಬಾಗಿಲು ತರಗತಿಗಳು ಮುಗಿದ ಮೇಲೆಯೂ ಒಂದೆರಡು ಗಂಟೆ ತೆರೆದಿರಬೇಕು. ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುವ ಯಂತ್ರಕ್ಕೂ ಬಳಕೆಯಿಲ್ಲದೆ ಮನೆಯಲ್ಲಿ ಬಿದ್ದಿರುವ ದುಬಾರಿ ಯಂತ್ರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ವಿದ್ಯಾರ್ಥಿ ಮಿತ್ರರೆ, ಅಂಗಡಿಗೆ ಹೊರಡುವ ಹಿಂದಿನ ದಿನ ಒಂದು ಕಾಗದ ತೆಗೆದುಕೊಂಡು ಈ ವರ್ಷ ನೀವು ಆ ಯಂತ್ರದಿಂದ ಮಾಡಲಿರುವ ಕೆಲಸಗಳನ್ನು ಬರೆಯಿರಿ. ಆ ಪಟ್ಟಿಯನ್ನು ತಂದೆತಾಯಿಯರಿಗೆ ಓದಿ ಹೇಳಿ, ಅಂಗಡಿಯವನಿಗೂ ತೋರಿಸಿ. ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕಾಗಿ ಅವನು ಬೆಲೆ ಏರಿಸಿದರೆ ಬೇಡವೆಂದು ನಿಸ್ಸಂಕೋಚವಾಗಿ ಹೇಳಿರಿ. ಉಳಿದ ಹಣಕ್ಕೆ ಪುಸ್ತಕಗಳೂ ಇವೆ, ಮುಂದಿನ ವರ್ಷದ ಶುಲ್ಕವೂ ಇದೆ.