ಬಹುಮತವೊಂದೇ ಸಾಲದು

ಪ್ರಜಾಪ್ರಭುತ್ವವೆಂದರೆ ಬಹುಮತದ ಆಳ್ವಿಕೆಯೆಂದು ಪೌರನೀತಿಯ ಪಾಠದಲ್ಲಿ ನಾವೆಲ್ಲರೂ ಓದಿದ್ದೇವೆ. ಹಲವು ಜನಾಂಗಗಳು ಕೂಡಿ ಬಾಳುವ ದೇಶದಲ್ಲಿ ಇದಿಷ್ಟನ್ನೇ ನಂಬಿ ನಡೆದರೆ ಏನಾಗುವುದೆಂಬುದಕ್ಕೆ ನೆರೆಯ ಶ್ರೀಲಂಕೆಯೇ ಸಾಕ್ಷಿ.

ಅದಕ್ಕೆ ಸಿಲೋನ್ ಎಂಬ ಹೆಸರಿದ್ದ ಕಾಲ. 1956ರ ಏಪ್ರಿಲಿನ ಚುನಾವಣೆಯಲ್ಲಿ, ಸ್ವಾತಂತ್ರ್ಯ ಬಂದಂದಿನಿಂದ ಆಳುತ್ತಿದ್ದ ಪಕ್ಷವು ಸೋತು ಬಂಡಾರನಾಯಿಕೆಯವರು ಪ್ರಧಾನಿಗಳಾದರು. ತನ್ನ ನುಡಿಗೆ ಮನ್ನಣೆ ಬಂದಿತೆಂದು ಸಿಂಹಳದ ಹಳ್ಳಿಗ ಹಿಗ್ಗಿದನು. ಆ ಹಿಗ್ಗಿನಲ್ಲಿ ತಪ್ಪೇನೂ ಇರಲಿಲ್ಲ. ಅಲ್ಲಿಯವರೆಗೆ ಕಚೇರಿಗಳಲ್ಲಿ ಇಂಗ್ಲಿಷೇ ಮೆರೆಯುತ್ತಿತ್ತು. ಆದರೆ ಅದೇ ವರ್ಷ ಸಿಂಹಳವೊಂದೇ ಅಧಿಕೃತ ಭಾಷೆಯೆಂಬ ಕಾಯಿದೆಯಾಯಿತು. ಸುಮಾರು ಕಾಲುಭಾಗದಷ್ಟಿದ್ದ ತಮಿಳು ನುಡಿಯವರು ತಮ್ಮ ದೇಶದ ಕಚೇರಿಗಳಲ್ಲಿಯೇ ಪರಕೀಯರಾದರು. ಒಂದೇ ಭಾಷೆಯೆಂದರೆ ದೇಶವು ಎರಡಾಗಿ ಒಡೆದೀತು, ಎರಡು ಭಾಷೆಗಳೆಂದರೆ ಒಂದಾಗಿ ಉಳಿದೀತು ಎಂದು ಕಾಲ್ವಿನ್ ಡಿ ಸಿಲ್ವ ಎಂಬ ಸಿಂಹಳ ಮುಂದಾಳುವೇ ಸಂಸತ್ತಿನಲ್ಲಿ ಎಚ್ಚರಿಸಿದ್ದರು. ಕೇಳುವವರಾರು? ಕೈಯೆತ್ತುವವರ ಸಂಖ್ಯೆ ಸಾಕಷ್ಟಿತ್ತು! ಮರುವರ್ಷ ತಮಿಳು ನಾಯಕ ಚೆಲ್ವನಾಯಕಮ್ ಅವರೊಡನೆ ಪ್ರಧಾನಿಗಳು ಒಪ್ಪಂದ ಮಾಡಿಕೊಂಡರು. 1958ರಲ್ಲಿ ವಿರೋಧಕ್ಕೆ ಮಣಿದು ತಾವೇ ಅದನ್ನು ಮುರಿದರು. 1983ರಲ್ಲಿ ಹೊತ್ತಿದ ಅಂತರ್ಯುದ್ಧವು ಆರಿದುದು 2009ರಲ್ಲಿ. ತಮಿಳೂ ಅಧಿಕೃತ ಭಾಷೆಯೆಂದು ಸಂವಿಧಾನದಲ್ಲಿ ಬರೆದುದು 1987ರಲ್ಲಿ, ನೆತ್ತರು ಹರಿಯತೊಡಗಿದ ಮೇಲೆ.

ಅದೇ 1956ರಲ್ಲಿ ಇತ್ತ ನಮ್ಮ ದೇಶದಲ್ಲಿ ಭಾಷಾವಾರು ಪ್ರಾಂತಗಳ ರಚನೆಯಾಗುತ್ತಿತ್ತು. ಗೆರೆಯನ್ನು ಎಲ್ಲಿ ಎಳೆದರೂ ಆಚೆ ಉಳಿಯುವವರು ಇದ್ದೇ ಇರುತ್ತಾರೆ. ಅಂಥವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯವಿರಬೇಕೆಂದು ಆ ವರ್ಷವೇ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಲಾಯಿತು. ವಿಧಿಯಿದ್ದ ಮಾತ್ರಕ್ಕೆ ಶಾಲೆಗಳು ತುಂಬುವುದಿಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಮರಾಠಿ ನಾಡಿನ ಈ ಮಹಾನಗರದಲ್ಲಿ ಕನ್ನಡ ಅಕ್ಷರಗಳನ್ನು ತಿದ್ದುವ ನಮಗೆ, ಅದು ಯಾರ ಔದಾರ್ಯವೂ ಅಲ್ಲ, ನಮ್ಮ ಹಕ್ಕು ಎನ್ನಲು ಆಧಾರವಿದೆ. ಕೊಲಂಬೊದ ತಮಿಳು ಬಾಲಕನಿಗೆ 1956ರಲ್ಲಿ ಇಲ್ಲವಾದುದು ಇಂಥ ಧೈರ್ಯವೇ.

2024ರ ನವೆಂಬರಿನಲ್ಲಿ ಶ್ರೀಲಂಕೆಯಲ್ಲಿ ಮತ್ತೊಂದು ಬದಲಾವಣೆಯಾಯಿತು. ಸಿಂಹಳರೇ ಮುಂದಾಳುಗಳಾಗಿರುವ ಒಕ್ಕೂಟವೊಂದು 225 ಸ್ಥಾನಗಳಲ್ಲಿ 159ನ್ನು ಗೆದ್ದುದಲ್ಲದೆ, ತಮಿಳರ ಜಾಫ್ನಾ ಜಿಲ್ಲೆಯಲ್ಲಿಯೂ ಮೊದಲ ಸ್ಥಾನ ಪಡೆಯಿತು. ಇನ್ನು ಜಗಳ ತೀರಿತೆಂದು ಬರೆದವರುಂಟು. ನಮಗೆ ಅಷ್ಟು ಅವಸರವಿಲ್ಲ. ಅಲ್ಲಿಯ ಸ್ವಾತಂತ್ರ್ಯೋತ್ಸವದಲ್ಲಿ 2016ರಲ್ಲಿ ರಾಷ್ಟ್ರಗೀತೆಯನ್ನು ತಮಿಳಿನಲ್ಲಿಯೂ ಹಾಡಿದರು. ಸರಕಾರ ಬದಲಾದ ಮೇಲೆ 2020ರಲ್ಲಿ ಅದನ್ನು ಕೈಬಿಟ್ಟರು. ಮುಂದಿನ ಸರಕಾರ ಯಾವುದೇ ಬರಲಿ, ತಾನು ಹಾಡಬಹುದೆಂಬ ನಂಬಿಕೆ ಜಾಫ್ನಾದ ಶಾಲೆಯ ಹುಡುಗಿಗೆ ಬಂದಿದೆಯೇ ಎಂದು ನಾವು ಕೇಳುತ್ತೇವೆ.