ದಾರ್ಶನಿಕರ ವಯಸ್ಸು, ಗ್ರಹಣಗಳ ಸಾಕ್ಷ್ಯ

ಐಸಾಕ್ ನ್ಯೂಟನ್ನನು ಪ್ರಾಚೀನ ರಾಜ್ಯಗಳ ಕಾಲಗಣನೆಯನ್ನು ತಿದ್ದುವುದಕ್ಕಾಗಿ ಒಂದು ಗ್ರಂಥವನ್ನೇ ಬರೆದನೆಂದರೆ ಭೌತವಿಜ್ಞಾನದ ವಿದ್ಯಾರ್ಥಿಗಳಲ್ಲಿ ಹಲವರಿಗೆ ಸೋಜಿಗವಾಗುತ್ತದೆ. ಆತನು ತೀರಿಕೊಂಡ ಮರುವರ್ಷ, 1728ರಲ್ಲಿ, ಅದು ಅಚ್ಚಾಯಿತು. ಗ್ರೀಕರು ತಮ್ಮ ಪೂರ್ವಿಕರ ಕಾಲವನ್ನು ಶತಮಾನಗಳಷ್ಟು ಹಿಗ್ಗಿಸಿದ್ದಾರೆಂಬುದು ಆತನ ವಾದ. ಅಯನಚಲನವು 72 ವರ್ಷಗಳಿಗೆ ಒಂದು ಡಿಗ್ರಿಯೆಂಬ ಲೆಕ್ಕದಿಂದ, ಆರ್ಗೋ ನೌಕೆಯ ಪುರಾಣಪ್ರಸಿದ್ಧ ಯಾತ್ರೆಯನ್ನು ಆತನು ಕ್ರಿ.ಪೂ. 937ರ ಸುಮಾರಿಗೆ ಇಳಿಸಿದನು. ಅಯನಚಲನದ ವೇಗವನ್ನು ಆತನು ಸರಿಯಾಗಿಯೇ ಹಿಡಿದಿದ್ದನು. ಆದರೆ ಆ ಯಾತ್ರಿಕರ ಕಾಲದಲ್ಲಿ ವಿಷುವಬಿಂದುಗಳು ಯಾವ ನಕ್ಷತ್ರಗಳ ನಡುವೆ ಇದ್ದವೆಂಬ ಮೂಲ ಮಾಹಿತಿಯೇ ಕಥೆಯಿಂದ ಬಂದುದಾಗಿತ್ತು.

ಈ ಪ್ರಸಂಗವು ಈಚೆಗೆ ನೆನಪಾಗಲು ಕಾರಣವುಂಟು. ಹುಮನಾಬಾದಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಎರಡು ಪುಸ್ತಕಗಳನ್ನು ತಂದು ಮೇಜಿನ ಮೇಲಿರಿಸಿದನು. ಗ್ರೀಕ್ ದಾರ್ಶನಿಕ ಪಾರ್ಮೆನಿಡೀಸನು ಹುಟ್ಟಿದ್ದು ಕ್ರಿ.ಪೂ. 540ರಲ್ಲಿ ಎಂದು ಒಂದು ಪುಸ್ತಕ. 515ರಲ್ಲಿ ಎಂದು ಇನ್ನೊಂದು. "ಇದರಲ್ಲಿ ಯಾವುದು ಸುಳ್ಳು, ಸರ್?" ಎಂದು ಕೇಳಿದವನು ಉತ್ತರಕ್ಕೆ ಕಾಯದೆ, "ಎಲ್ಲವೂ ಪಾಶ್ಚಾತ್ಯರು ಆಮೇಲೆ ಕಟ್ಟಿದ ಕಥೆಯೇ ಇರಬೇಕು" ಎಂದುಬಿಟ್ಟನು.

ಅವನ ಪ್ರಶ್ನೆ ಯೋಗ್ಯವಾದುದು. ತೀರ್ಮಾನ ಮಾತ್ರ ಅವಸರದ್ದು. ಕ್ರಿ.ಪೂ. ಎರಡನೆಯ ಶತಮಾನದ ಅಪೊಲೊಡೋರನೆಂಬ ಪಂಡಿತನು ಗ್ರೀಕರ ಮಹಾಪುರುಷರ ಕಾಲಾನುಕ್ರಮವನ್ನು ಪದ್ಯರೂಪದಲ್ಲಿ ರಚಿಸಿದನು. ಒಬ್ಬನ ಹುಟ್ಟಿದ ವರ್ಷವು ತಿಳಿಯದಿದ್ದರೆ ಆತನದು ಒಂದು ಸುಲಭೋಪಾಯ: ಮನುಷ್ಯನ ಪ್ರತಿಭೆಯು ನಲವತ್ತನೆಯ ವಯಸ್ಸಿನಲ್ಲಿ ಅರಳುತ್ತದೆಂದು ಭಾವಿಸಿ, ಅವನ ಬಾಳಿನ ಯಾವುದಾದರೊಂದು ಪ್ರಸಿದ್ಧ ಘಟನೆಯಿಂದ ನಲವತ್ತು ವರ್ಷ ಹಿಂದಕ್ಕೆ ಎಣಿಸುವುದು. ಥೇಲ್ಸನು ಒಂದು ಸೂರ್ಯಗ್ರಹಣವನ್ನು ಮುಂದಾಗಿ ಹೇಳಿದನೆಂದು ಹೆರೊಡೋಟಸನು ಬರೆದಿದ್ದಾನೆ. ಅದು ಕ್ರಿ.ಪೂ. 585ರ ಮೇ 28ರ ಗ್ರಹಣವೆಂದು ಈಗ ಸಾಮಾನ್ಯವಾಗಿ ಒಪ್ಪಲಾಗಿದೆ. ಅದರಿಂದ ಹಿಂದಕ್ಕೆ ಎಣಿಸಿದರೆ ನಮ್ಮ ಪಠ್ಯಪುಸ್ತಕಗಳ 624 ಅಥವಾ 625 ದೊರೆಯುತ್ತದೆ. ಅದು ಯಾರೂ ಬರೆದಿಟ್ಟ ಜನ್ಮವರ್ಷವಲ್ಲ, ಬರಿಯ ವ್ಯವಕಲನ! ಪಾರ್ಮೆನಿಡೀಸನ 540 ಕೂಡ ಇಂಥ ಲೆಕ್ಕದ ಫಲವೇ. ಪ್ಲೇಟೋವಿನ ಸಂವಾದವೊಂದರಲ್ಲಿ ಅರವತ್ತೈದರ ಮುದುಕನಾದ ಆತನು ತರುಣ ಸಾಕ್ರಟೀಸನೊಡನೆ ಮಾತನಾಡುತ್ತಾನೆ. ಆ ದೃಶ್ಯವನ್ನು ನಂಬಿದವರಿಗೆ 515 ಬರುತ್ತದೆ. ಹೀಗಿರಲು ಎರಡರಲ್ಲಿ ಯಾವುದನ್ನೂ ಸುಳ್ಳೆನ್ನಲಾಗದು. ಎರಡೂ ಊಹೆಗಳು, ಊಹೆಯೆಂಬ ಗುರುತನ್ನು ಮಾತ್ರ ಯಾರೋ ಅಳಿಸಿಹಾಕಿದ್ದಾರೆ.

ಹಾಗಾದರೆ ಶತಮಾನಗಳ ಚೌಕಟ್ಟೇ ಕುಸಿಯುವುದಿಲ್ಲವೆ? ಇಲ್ಲ. ಅದು ನಿಂತಿರುವುದು ಬೇರೆ ಕಂಬಗಳ ಮೇಲೆ. ಬ್ಯಾಬಿಲೋನಿನ ಜ್ಯೋತಿಷಿಗಳು ಗ್ರಹ, ಚಂದ್ರರ ಸ್ಥಾನಗಳನ್ನು ಜೇಡಿಮಣ್ಣಿನ ಫಲಕಗಳಲ್ಲಿ ದಿನಚರಿಯಂತೆ ಬರೆದಿಟ್ಟರು. ಅಲೆಕ್ಸಾಂಡರನ ಮರಣವೂ ಅದರಲ್ಲಿ ದಾಖಲಾಗಿದ್ದು, ಕ್ರಿ.ಪೂ. 323ರ ಜೂನ್ 11 ಎಂಬ ದಿನಾಂಕವು ಅದರಿಂದಲೇ ಖಚಿತವಾಗಿದೆ. ಕ್ರಿ.ಪೂ. 136ರ ಏಪ್ರಿಲ್ 15ರಂದು ಅದೇ ನಗರದಲ್ಲಿ ಖಗ್ರಾಸ ಸೂರ್ಯಗ್ರಹಣವು ಕಂಡಿತೆಂದು ಫಲಕಗಳು ಹೇಳುತ್ತವೆ. ಭೂಮಿಯು ಅಂದೂ ಇಂದಿನ ವೇಗದಲ್ಲಿಯೇ ತಿರುಗುತ್ತಿತ್ತೆಂದು ಗಣಿಸಿದರೆ ಆ ಗ್ರಹಣದ ನೆರಳು ಸುಮಾರು 49 ಡಿಗ್ರಿ ಪಶ್ಚಿಮಕ್ಕೆ ಸರಿದು ಬೇರೆಲ್ಲಿಯೋ ಬೀಳಬೇಕು. ಬಿದ್ದದ್ದು ಬ್ಯಾಬಿಲೋನಿನಲ್ಲಿ. ಉಬ್ಬರವಿಳಿತಗಳ ಘರ್ಷಣೆಯೇ ಮುಖ್ಯ ಕಾರಣವಾಗಿ ಹಗಲಿರುಳಿನ ಅವಧಿಯು ಶತಮಾನಕ್ಕೆ ಸೆಕೆಂಡಿನ ಸಾವಿರದೆರಡಂಶಕ್ಕೂ ತುಸು ಕಡಿಮೆಯಷ್ಟು ದೀರ್ಘವಾಗುತ್ತ ಬಂದಿರುವುದೇ ಈ ಅಂತರಕ್ಕೆ ಕಾರಣ. ಬ್ಯಾಬಿಲೋನ್, ಚೀನ, ಅರಬ್ ದೇಶಗಳು, ಯೂರೋಪು, ಹೀಗೆ ಒಬ್ಬರ ಬರಹವನ್ನು ಒಬ್ಬರು ಕಾಣದ ಜನರ ಗ್ರಹಣದಾಖಲೆಗಳು ಒಂದೇ ನಯವಾದ ವಕ್ರರೇಖೆಗೆ ಹೊಂದುತ್ತವೆ. ಇತಿಹಾಸದಲ್ಲಿ ಯಾರೋ ಮೂರು ಶತಮಾನಗಳನ್ನು ಕದ್ದೋ ಕೂಡಿಸಿಯೋ ಇದ್ದರೆ ಆ ರೇಖೆಯು ಅಲ್ಲಿಯೇ ಮುರಿಯುತ್ತಿತ್ತು.

ಇಂಥ ಪರೀಕ್ಷೆಗೆ ನಾವು ಬ್ಯಾಬಿಲೋನಿಗೆ ಹೋಗಬೇಕಾದುದೂ ಇಲ್ಲ. ಕಲ್ಯಾಣವು ನೆರೆಯಲ್ಲಿಯೇ ಇದೆ. ಅಲ್ಲಿಂದ ಆಳಿದ ಆರನೆಯ ವಿಕ್ರಮಾದಿತ್ಯನು ಶಕವರ್ಷವನ್ನು ಬದಿಗಿರಿಸಿ 1076ರಿಂದ ತನ್ನದೇ ಚಾಲುಕ್ಯ ವಿಕ್ರಮವರ್ಷವನ್ನು ಬಳಕೆಗೆ ತಂದನು. ಆ ಕಾಲದ ದಾನಶಾಸನಗಳಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳು ಒಟ್ಟಿಗೆ ಬರುತ್ತವೆ. ಕೆಲವೆಡೆ ಸಂಕ್ರಮಣ ಅಥವಾ ಗ್ರಹಣವೂ ಇರುತ್ತದೆ. ಚಂದ್ರನು ಸೂರ್ಯನಿಂದ 12 ಡಿಗ್ರಿ ಮುಂದೆ ಸಾಗುವ ಕಾಲವೇ ಒಂದು ತಿಥಿ. ಏಳು ದಿನಗಳ ವಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದುದರಿಂದ ಕಾಲಗಣನೆಯು ತಪ್ಪಾಗಿದ್ದರೆ ತಿಥಿ, ವಾರಗಳು ಹೊಂದುವ ಸಂಭವ ಏಳರಲ್ಲೊಂದು. ಹತ್ತು ಶಾಸನಗಳು ಆಕಸ್ಮಿಕವಾಗಿ ಹೊಂದುವ ಸಂಭವ 28 ಕೋಟಿಯಲ್ಲೊಂದು. ಹೊಂದದ ಶಾಸನಗಳೂ ಉಂಟು. ಬರೆದವನ ಕೈತಪ್ಪಿರಬಹುದು, ಶಾಸನವೇ ಕೃತಕವಾಗಿರಬಹುದು. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಫ್ಲೀಟರು ನಕಲಿಯೆಂದು ತಳ್ಳಿಹಾಕಿದ್ದು ಇಂಥ ಶೋಧನೆಯ ಬಲದಿಂದಲೇ. ಸಂಶಯಕ್ಕೆ ಅಳತೆಗೋಲು ದೊರೆತಾಗ ಅದರಿಂದ ಆಗುವ ಉಪಕಾರವು ಸಣ್ಣದಲ್ಲ.

ಅದೇ ಕಲ್ಯಾಣದ ಬಸವಣ್ಣನವರ ವಿಷಯಕ್ಕೆ ಬಂದರೆ ನಾವು ಥೇಲ್ಸನ ನೆರೆಮನೆಯವರಾಗುತ್ತೇವೆ. ಜನ್ಮವರ್ಷವು 1105 ಎಂದು ಒಬ್ಬರು, 1131 ಎಂದು ಇನ್ನೊಬ್ಬರು, 1134 ಎಂದು ಮತ್ತೊಬ್ಬರು. ಅವರನ್ನು ಹೆಸರಿಸುವ ಅರ್ಜುನವಾಡದ ಶಾಸನವು 1260ರದು. ಭೀಮಕವಿಯ ಬಸವಪುರಾಣವು 1369ರದು. ಶಾಸನಗಳಿಂದ ಗೊತ್ತಾಗುವ ಬಿಜ್ಜಳನ ಆಳ್ವಿಕೆಗೆ ಅವರ ಬಾಳನ್ನು ಹೊಂದಿಸಿ ಹಿಂದಕ್ಕೆ ಎಣಿಸುವಾಗ ನಾವು ಮಾಡುವುದು ಬಹುಮಟ್ಟಿಗೆ ಅಪೊಲೊಡೋರನ ಕೆಲಸವೇ. ಇದರಿಂದ ಬಸವಣ್ಣನವರ ಇರವಿಗಾಗಲಿ ಹಿರಿಮೆಗಾಗಲಿ ಕುಂದೇನೂ ಇಲ್ಲ. ಆದರೂ ಈ ವರ್ಷಗಳಲ್ಲೊಂದನ್ನು ಹಿಡಿದು ಜಗಳವಾಡುವವರನ್ನು ಕಂಡಿದ್ದೇನೆ.

ಪ್ರಯೋಗಶಾಲೆಯಲ್ಲಿ ತಂತಿಯ ವ್ಯಾಸವನ್ನು ಅಳೆದ ವಿದ್ಯಾರ್ಥಿಯು ಎಷ್ಟು ಹೆಚ್ಚುಕಡಿಮೆಯಿರಬಹುದೆಂಬುದನ್ನು ಬರೆಯದಿದ್ದರೆ ನಾವು ಅಂಕ ಕಳೆಯುತ್ತೇವೆ. ಚರಿತ್ರೆಯ ಪಠ್ಯಗಳಿಗೂ ಆ ಶಿಸ್ತು ಬೇಕೆಂಬುದು ನನ್ನ ಅಭಿಪ್ರಾಯ. ಥೇಲ್ಸನ ಮುಂದೆ "ಸುಮಾರು" ಎಂದೂ, ಅದಕ್ಕೆ ಆಧಾರವೇನೆಂದೂ ಒಂದು ಸಾಲು ಬರೆದರೆ ಪುಟ ತುಂಬಿಹೋಗುವುದಿಲ್ಲ. ಆ ಒಂದು ಸಾಲು ಇದ್ದಿದ್ದರೆ ನನ್ನ ವಿದ್ಯಾರ್ಥಿಯು ಎಲ್ಲವೂ ಸುಳ್ಳೆಂಬ ಹಂತಕ್ಕೆ ಹಾರುತ್ತಿರಲಿಲ್ಲ.

ಮುಂದಿನ ರಜೆಯಲ್ಲಿ ಅವನನ್ನೂ ಅವನ ಗೆಳೆಯರನ್ನೂ ನಮ್ಮ ತಾಲ್ಲೂಕಿನ ಜಲಸಂಗಿಯ ಗುಡಿಗೆ ಕರೆದೊಯ್ಯಬೇಕೆಂದಿದ್ದೇನೆ. ಅಲ್ಲಿಯ ಶಿಲಾಬಾಲಿಕೆಯೊಬ್ಬಳು ತಾನೇ ಶಾಸನ ಬರೆಯುತ್ತ ನಿಂತಿದ್ದಾಳೆ. ಆಕೆಯ ಬರಹದಲ್ಲಿ ವಿಕ್ರಮಾದಿತ್ಯನ ಹೊಗಳಿಕೆಯಿದೆ, ವರ್ಷವಿಲ್ಲ. ದೊರೆಯು ಆಳಿದ್ದು 1076ರಿಂದ 1126ರವರೆಗೆ. ಆಕೆಯ ವಯಸ್ಸೆಷ್ಟೆಂದು ಬರೆದು, ಅದರಲ್ಲಿ ಎಷ್ಟು ಹೆಚ್ಚುಕಡಿಮೆಯಿರಬಹುದೆಂಬುದನ್ನೂ ಪಕ್ಕದಲ್ಲಿ ನಮೂದಿಸಲು ಹುಡುಗರಿಗೆ ಹೇಳುತ್ತೇನೆ.