ಕತ್ತಿವರಸೆಗೂ ಪಂಚಾಂಗ ಬೇಕು

ಸುರಪುರವೆಂದೊಡನೆ ಕನ್ನಡಿಗರ ಕಣ್ಣ ಮುಂದೆ ಖಡ್ಗವೇ ನಿಲ್ಲುವದು. 1705ರಲ್ಲಿ ವಾಗಿನಗೇರಿಯ ಕೋಟೆಯಲ್ಲಿ ನಿಂತು ಔರಂಗಜೇಬನ ಮಹಾಸೈನ್ಯಕ್ಕೆ ಇದಿರಾದವರು ಇಲ್ಲಿಯ ಬೇಡರು. 1858ರಲ್ಲಿ ಆಂಗ್ಲರ ವಿರುದ್ಧ ಕತ್ತಿ ಹಿರಿದವನು ಇಲ್ಲಿಯ ರಾಜಾ ವೆಂಕಟಪ್ಪ ನಾಯಕನು. ಆದರೆ ಪೂರ್ವಜರ ಖಡ್ಗವನ್ನು ಹೊಗಳಿದ ಮಾತ್ರಕ್ಕೆ ಮಕ್ಕಳ ತೋಳಿಗೆ ಬಲ ಬಾರದು. ಆ ವಿದ್ಯೆಯು ಇಂದು ಜಗತ್ತಿನಲ್ಲಿ ಯಾವ ಶಿಸ್ತಿನಿಂದ ನಡೆಯುತ್ತಿದೆಯೆಂಬುದನ್ನು ಯಾದಗಿರಿ, ಶಹಾಪುರ, ಸುರಪುರಗಳ ಸುಶಿಕ್ಷಿತರೂ ಅಧಿಕಾರಿವರ್ಗದವರೂ ಕೊಂಚ ಆಲೋಚಿಸಬೇಕೆಂದು ನಮ್ಮ ವಿನಂತಿ.

ಅಂತರರಾಷ್ಟ್ರೀಯ ಕತ್ತಿವರಸೆಯ ವರ್ಷವು ಸಾಮಾನ್ಯವಾಗಿ ಶರತ್ಕಾಲದ ಕೊನೆಗೆ ಆರಂಭವಾಗಿ, ವಿಶ್ವಕಪ್ ಮತ್ತು ಗ್ರಾಂಡ್ ಪ್ರೀ ಪಂದ್ಯಗಳನ್ನು ದಾಟಿ, ಜೂನ್ ಸುಮಾರಿಗೆ ಖಂಡದ ಪಂದ್ಯಾವಳಿಯನ್ನೂ ಜುಲೈ ಸುಮಾರಿಗೆ ವಿಶ್ವ ಪಂದ್ಯಾವಳಿಯನ್ನೂ ಮುಟ್ಟುವದು. ಒಂದು ಪಂದ್ಯದಲ್ಲಿ ಗಳಿಸಿದ ಅಂಕಗಳು ಮರುವರ್ಷ ಅದೇ ಪಂದ್ಯವು ನಡೆದೊಡನೆ ಅಳಿದು, ಹೊಸ ಫಲವು ಆ ಸ್ಥಾನಕ್ಕೆ ಬರುವದು. ವಿಶ್ವಕಪ್ ಮಾಲಿಕೆಯ ಫಲಗಳಲ್ಲಿಯೂ ಉತ್ತಮವಾದ ಕೆಲವು ಮಾತ್ರ ಶ್ರೇಣಿಯ ಲೆಕ್ಕಕ್ಕೆ ಸಲ್ಲುವವು. ಆದುದರಿಂದ ಜಾಣ ಕ್ರೀಡಾಪಟುವು ಕರೆದಲ್ಲಿಗೆಲ್ಲ ಓಡುವದಿಲ್ಲ. ಯಾವದನ್ನು ಗೆಲ್ಲಲು ಹೋಗಬೇಕು, ಯಾವದನ್ನು ಅಭ್ಯಾಸಕ್ಕೆಂದು ಆಡಬೇಕು, ಯಾವಾಗ ದೇಹಕ್ಕೆ ವಿಶ್ರಾಂತಿ ಕೊಡಬೇಕು ಎಂಬುದನ್ನು ವರ್ಷಾರಂಭದಲ್ಲಿಯೇ ನಿಶ್ಚಯಿಸಿಕೊಳ್ಳುವನು. ಎಲ್ಲ ಮಳೆಗೂ ಬಿತ್ತುವ ಒಕ್ಕಲಿಗನುಂಟೆ? ಹದ ನೋಡಿ ಬಿತ್ತಿದವನೇ ರಾಶಿ ಮಾಡುವನು.

ಇದಕ್ಕೆ ನಿದರ್ಶನವು ನಮ್ಮ ದೇಶದಲ್ಲಿಯೇ ಇರುವದು. ಚೆನ್ನೈಯ ಭವಾನಿದೇವಿಯವರು 2021ರಲ್ಲಿ ಟೋಕಿಯೋ ಒಲಿಂಪಿಕ್ಸಿಗೆ ಅರ್ಹರಾದ ಪ್ರಥಮ ಭಾರತೀಯ ಕತ್ತಿವರಸೆಗಾರ್ತಿ. ಆ ಅರ್ಹತೆಯು ಒಂದು ದಿನದ ಗೆಲುವಿನಿಂದಲ್ಲ, ಹಲವು ಪಂದ್ಯಗಳಲ್ಲಿ ಕೂಡಿಸಿದ ಅಂಕಗಳ ಶ್ರೇಣಿಯಿಂದ ಬಂದಿತು. ಅಲ್ಲಿ ಮೊದಲನೆಯ ಪಂದ್ಯವನ್ನು 15-3ರಿಂದ ಗೆದ್ದ ಅವರೇ 2023ರ ಜೂನ್ ತಿಂಗಳಲ್ಲಿ ಚೀನದ ವುಶಿಯಲ್ಲಿ ಅಂದಿನ ಜಗಜ್ಜೇತೆ ಜಪಾನಿನ ಎಮುರಾ ಅವರನ್ನು ಸೋಲಿಸಿ, ಏಷ್ಯನ್ ಪಂದ್ಯಾವಳಿಯಲ್ಲಿ ಭಾರತಕ್ಕೆ ಮೊದಲನೆಯ ಪದಕವನ್ನು ತಂದರು.

"ಬಡ ಜಿಲ್ಲೆಗೆ ಈ ಸಿರಿವಂತರ ಆಟವೇಕೆ?" ಎಂದು ಕೆಲವರು ಕೇಳಬಹುದು. ಆಯುಧಕ್ಕೂ ಕವಚಕ್ಕೂ ಹಣ ಬೇಕೆಂಬುದು ನಿಜ. ಆದರೆ ಯೋಜನೆಗೆ ಹಣ ಬೇಕಿಲ್ಲ. ಕುಸ್ತಿ, ಕಬಡ್ಡಿ, ಓಟಗಳಿಗೂ ಇದೇ ನ್ಯಾಯವು ಅನ್ವಯಿಸುವದು. ನಮ್ಮ ಹುಡುಗರಿಗೆ ಶಾಲಾ ಪಂದ್ಯಗಳುಂಟು, ತಾಲೂಕಿನಿಂದ ಜಿಲ್ಲೆ, ವಿಭಾಗಗಳನ್ನು ದಾಟಿ ಮೈಸೂರು ಮುಟ್ಟುವ ದಸರಾ ಕ್ರೀಡಾಕೂಟವುಂಟು, ಜಾತ್ರೆಯ ಕಣಗಳುಂಟು, ಮಾರ್ಚಿನಲ್ಲಿ ಪರೀಕ್ಷೆ, ಮುಂದೆ ನಾಲ್ವತ್ತು ಡಿಗ್ರಿ ಮೀರುವ ಬಿಸಿಲು. ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹೊಂದಿಸದೆ, ಇದ್ದೊಬ್ಬ ಬಲಶಾಲಿ ಹುಡುಗನನ್ನೇ ಎಲ್ಲ ಕಣಗಳಿಗೂ ಇಳಿಸಿದರೆ ಅವನ ಕೀಲುಗಳು ಸವೆದಾವು, ಓದು ಕೆಟ್ಟೀತು. ಹದಿನಾರರ ಪ್ರಾಯವು ಮತ್ತೊಮ್ಮೆ ಬಾರದು.

2009ರಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಯ ಕ್ರೀಡಾ ಇಲಾಖೆಯೂ ಶಿಕ್ಷಣ ಇಲಾಖೆಯೂ ಕೂಡಿ ಪ್ರತಿ ಜೂನಿನಲ್ಲಿ ಇಡೀ ವರ್ಷದ ಪಂದ್ಯಗಳ ಪಂಚಾಂಗವನ್ನು ಶಾಲೆ ಶಾಲೆಗೂ ಮುಟ್ಟಿಸಲಿ. ಪ್ರತಿ ಶಿಕ್ಷಕನೂ ತನ್ನ ಮಕ್ಕಳಿಗೆ ತಕ್ಕ ಎರಡು ಮೂರು ಪಂದ್ಯಗಳನ್ನು ಆರಿಸಿ, ಉಳಿದ ಕಾಲವನ್ನು ಅಭ್ಯಾಸಕ್ಕೂ ವಿಶ್ರಾಂತಿಗೂ ಮೀಸಲಿಡಲಿ. ವೀರರ ನಾಡಿನವರೆಂದು ಹೇಳಿಕೊಳ್ಳುವ ನಾವು ಇಷ್ಟನ್ನಾದರೂ ಮಾಡತಕ್ಕದ್ದು.